ದಿನಕ್ಕೊಂದು ಸ್ಕೆಚ್: ಒಂದು ಲೋಟ ಬರೆಯುವುದು ಯಾಕೆ ಇಷ್ಟು ಕಷ್ಟ?

ಬಿಸಿನೀರಿನ ಸ್ನಾನ ಮುಗಿಸಿದಾಗ ಬಚ್ಚಲಮನೆಯ ಕನ್ನಡಿಗೆ ಹಬೆ ಕಟ್ಟಿರುತ್ತದೆ ಅಲ್ವಾ? ಒಂದು ಕಣ್ಣು ಮುಚ್ಚಿಕೊಳ್ಳಿ. ಅಲುಗಾಡದೆ ನಿಂತು, ಕನ್ನಡಿಯೊಳಗೆ ಕಾಣುವ ನಿಮ್ಮ ಮುಖದ ಅಂಚಿನ ಮೇಲೇ ಬೆರಳು ಓಡಿಸುತ್ತಾ ನೆತ್ತಿಯಿಂದ ಗಲ್ಲದವರೆಗೆ ಒಂದು ಸುತ್ತು ಗೆರೆ ಎಳೆಯಿರಿ. ಆಮೇಲೆ ಪಕ್ಕಕ್ಕೆ ಸರಿದು ಆ ಗೆರೆಯನ್ನು ಗೇಣಿನಲ್ಲಿ ಅಳೆದು ನೋಡಿ. ನಿಮ್ಮ ಮುಖದ ಅರ್ಧದಷ್ಟೇ ಇರುತ್ತದೆ. ಕನ್ನಡಿಗೆ ಹತ್ತಿರ ನಿಂತು ಎಳೆದರೂ ಅರ್ಧ, ಕೈ ಚಾಚಿ ದೂರ ನಿಂತು ಎಳೆದರೂ ಅರ್ಧ.

ಲೆಕ್ಕ ಸುಲಭ. ನೀವು ಕನ್ನಡಿಯಿಂದ ಎಷ್ಟು ಈಚೆ ಇದ್ದೀರೋ ಬಿಂಬ ಅಷ್ಟೇ ಆಚೆ ಇರುತ್ತದೆ, ಗಾಜು ಸರಿಯಾಗಿ ನಡುವೆ ಬರುತ್ತದೆ, ಹಾಗಾಗಿ ಗಾಜಿನ ಮೇಲೆ ಬೀಳುವ ಅಳತೆ ಅರ್ಧ. ಸೋಜಿಗ ಅದಲ್ಲ. ಬುದ್ಧಿ ಬಂದಾಗಿನಿಂದ ದಿನಾ ತಲೆ ಬಾಚಿಕೊಳ್ಳುತ್ತಾ, ಗಡ್ಡ ಕೆರೆಯುತ್ತಾ, ಕುಂಕುಮ ಇಡುತ್ತಾ ಇದೇ ಮುಖ ನೋಡಿದ್ದೇವೆ. ಒಂದು ದಿನವಾದರೂ "ಅರೆ, ಇದು ಚಿಕ್ಕದಾಗಿದೆಯಲ್ಲ" ಅಂತ ಅನಿಸಿದ್ದಿದೆಯಾ? ಈಗ ಓದಿದ ಮೇಲೂ ನಂಬಿಕೆ ಬರುತ್ತಿಲ್ಲ ಅಂದರೆ ನಾಳೆ ಬೆಳಗ್ಗೆ ನೋಡಿಕೊಳ್ಳಿ.

ಚಿತ್ರ ಬರೆಯುವುದು ಯಾಕೆ ಕಷ್ಟ ಅನ್ನುವ ಪ್ರಶ್ನೆಗೆ ಉತ್ತರದ ಮುಕ್ಕಾಲು ಭಾಗ ಈ ಕನ್ನಡಿಯಲ್ಲೇ ಇದೆ. "ನನಗೆ ಕೈ ಬರಲ್ಲ ಕಣ್ರೀ" ಅಂತ ಎಲ್ಲರೂ ಕೈಯನ್ನೇ ದೂರುತ್ತಾರೆ. ಪಾಪ, ಕೈದೇನೂ ತಪ್ಪಿಲ್ಲ. ಕನ್ನಡ ಬರೆಯುವ ಕೈ ಅದು. 'ಋ' ಬರೆಯುತ್ತದೆ, 'ಳ' ಬರೆಯುತ್ತದೆ, ಅದರ ಕೆಳಗೆ ಒತ್ತಕ್ಷರ ಕೊಡುತ್ತದೆ, ಬಸ್ಸಲ್ಲಿ ಕೂತು ಚೆಕ್ಕಿಗೆ ಸಹಿ ಹಾಕಬಲ್ಲದು. ಒಂದು ಲೋಟದ ಚಿತ್ರಕ್ಕೆ ಬೇಕಾದ ಹಿಡಿತ ಅದಕ್ಕಿಂತ ಕಡಿಮೆ. ತೊಂದರೆ ಇರುವುದು ನೋಡುವುದರಲ್ಲಿ. ದಿನಾ ಸ್ಕೆಚ್ ಮಾಡುವುದು ಅಂದರೆ ದಿನಾ ಸ್ವಲ್ಪ ಹೊತ್ತು ಸರಿಯಾಗಿ ನೋಡುವುದು. ನನ್ನ ಮಟ್ಟಿಗೆ ಈ ಅಭ್ಯಾಸದ ಹುರುಳು ಇಷ್ಟೇ. ಚಿತ್ರ ಚೆನ್ನಾಗಿ ಬಂದರೆ ಲಾಭ, ಬರದಿದ್ದರೆ ನಷ್ಟವಿಲ್ಲ.

ಕನ್ನಡಿಯ ಅರ್ಧ ಮುಖವನ್ನು ಪೂರ್ತಿ ಮುಖವಾಗಿ ತೋರಿಸಿದ್ದು ಮೆದುಳು. ಅದು ಯಾಕೆ ಹೀಗೆ ಮಾಡುತ್ತದೆ? ಅದರ ಕೆಲಸ ಚಿತ್ರಕಾರರಿಗೆ ಸಹಾಯ ಮಾಡುವುದಲ್ಲ, ನಮ್ಮನ್ನು ಬದುಕಿಸುವುದು. ಎದುರಿನಿಂದ ಬರುವ ಬಸ್ಸು ದೂರದಲ್ಲಿದ್ದಾಗ ಕಣ್ಣಿನ ಪರದೆಯ ಮೇಲೆ ಒಂದು ಚುಕ್ಕಿಯಷ್ಟಿರುತ್ತದೆ. ಆದರೂ "ಬಸ್ಸು ಬಂತು" ಅನ್ನುತ್ತೇವೆಯೇ ಹೊರತು "ಚುಕ್ಕಿ ದೊಡ್ಡದಾಗುತ್ತಿದೆ" ಅನ್ನುವುದಿಲ್ಲ. ಅರ್ಧ ತೆರೆದ ಬಾಗಿಲು ಕಣ್ಣಿಗೆ ಬೀಳುವುದು ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ ಆದ ಸೊಟ್ಟ ಆಕಾರದಲ್ಲಿ. ನಮಗೆ ಕಾಣುವುದು ಮಾತ್ರ ನೆಟ್ಟಗಿನ ಆಯತದ ಬಾಗಿಲು. ಹೀಗೆ ಮೆದುಳು ಕ್ಷಣಕ್ಷಣಕ್ಕೂ ಕಣ್ಣಿನ ವರದಿಯನ್ನು ತಿದ್ದಿ ಕೊಡುತ್ತಿರುತ್ತದೆ. ಕಣ್ಣಿನ ವರದಿಯಾದರೂ ಪೂರ್ತಿ ಅಂದುಕೊಳ್ಳಬೇಡಿ. ಚೊಕ್ಕವಾಗಿ, ವಿವರ ಸಮೇತ ಕಾಣುವ ಜಾಗ ತುಂಬಾ ಸಣ್ಣದು: ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಉಗುರಿನ ಅಗಲದಷ್ಟು. ಉಳಿದದ್ದೆಲ್ಲ ಮಸುಕು. ಕಣ್ಣು ಅಲ್ಲಿ ಇಲ್ಲಿ ಹಾರುತ್ತಾ ತುಣುಕುಗಳನ್ನು ಹೆಕ್ಕುತ್ತದೆ, ಮೆದುಳು ಅವನ್ನು ಹೊಂದಿಸಿ, ತನಗೆ ಮೊದಲೇ ಗೊತ್ತಿರುವುದನ್ನು ಸೇರಿಸಿ "ಇದೇ ಕೋಣೆ" ಅನ್ನುತ್ತದೆ. ನಾವು ನಂಬುತ್ತೇವೆ.

ದಿನ ಕಳೆಯಲು ಇದು ಬೇಕಾದಷ್ಟಾಯಿತು. ಪೆನ್ಸಿಲ್ ಹಿಡಿದಾಗ ಮಾತ್ರ ಈ ಉಪಕಾರವೇ ತೊಡಕಾಗುತ್ತದೆ, ಯಾಕೆಂದರೆ ಕಾಗದಕ್ಕೆ ಬೇಕಿರುವುದು ತಿದ್ದುವ ಮೊದಲಿನ ವರದಿ.

ಎರಡು ಬೆಟ್ಟ, ನಡುವೆ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ಪಕ್ಕದಲ್ಲಿ ಒಂದು ಗುಡಿಸಲು, ಒಂದು ತೆಂಗಿನಮರ, ಮೇಲೆ ಇಂಗ್ಲಿಷಿನ 'ವಿ' ಅಕ್ಷರದ ಹಕ್ಕಿಗಳು. ಇದನ್ನು ಬರೆಯದೆ ಪ್ರಾಥಮಿಕ ಶಾಲೆ ಮುಗಿಸಿದವರು ಯಾರಾದರೂ ಇದ್ದೀರಾ? ಕಣ್ಣು ಹಾಯಿಸಿದಷ್ಟು ದೂರ ಬಯಲೇ ಇರುವ ರಾಯಚೂರಿನ ಹಳ್ಳಿಯ ಹುಡುಗನೂ ಇದೇ ಎರಡು ಬೆಟ್ಟ ಬರೆಯುತ್ತಾನೆ. ನೋಡಿ ಬರೆದದ್ದಲ್ಲ, ಗೊತ್ತಿರುವುದನ್ನು ಬರೆದದ್ದು. ಮಕ್ಕಳು ತಮಗೆ ಕಾಣುವುದನ್ನಲ್ಲ, ಗೊತ್ತಿರುವುದನ್ನು ಚಿತ್ರಿಸುತ್ತಾರೆ ಅಂತ ಫ್ರಾನ್ಸಿನ ಜಾರ್ಜ್-ಆನ್ರಿ ಲ್ಯುಕೆ ಮಕ್ಕಳ ಚಿತ್ರಗಳ ಬಗ್ಗೆ 1927ರಲ್ಲಿ ಬರೆದ ಪುಸ್ತಕದಲ್ಲಿ ವಿವರಿಸಿದ್ದಾರೆ. ಮಗು ಮೇಜು ಬರೆದರೆ ನಾಲ್ಕೂ ಕಾಲು ಬರೆಯುತ್ತದೆ, ಕಾಣದ ಕಾಲನ್ನೂ ಸೇರಿಸಿ. ಮಗುವಿಗೆ ಅದು ಚಂದ. ನಮ್ಮಲ್ಲಿ ಬಹಳ ಜನ ಐದನೇ ಆರನೇ ಕ್ಲಾಸಿನಲ್ಲಿ "ಇದು ನಿಜವಾದ್ದರ ತರ ಇಲ್ಲ" ಅಂತ ಬೇಸರಪಟ್ಟು ಬಿಟ್ಟುಬಿಡುತ್ತೇವೆ. ಬಿಟ್ಟ ಜಾಗದಲ್ಲೇ ನಿಂತಿರುತ್ತೇವೆ. ನಲವತ್ತರ ಪ್ರಾಯದ ಮ್ಯಾನೇಜರ್ ಹತ್ತಿರ ಮನೆ ಬರೆಸಿ ನೋಡಿ, ಅದೇ ಗುಡಿಸಲು ಬರುತ್ತದೆ.

ಈಗ ಲೋಟಕ್ಕೆ ಬರೋಣ. ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತಂದು ಮೇಜಿನ ಮೇಲೆ ಇಡಿ. ಖಾಲಿಯದ್ದೇ ಇರಲಿ. ಮೊದಲು ಅದನ್ನು ನೋಡದೆ, ನೆನಪಿನಿಂದ ಒಂದು ಬರೆಯಿರಿ. ನೂರಕ್ಕೆ ತೊಂಬತ್ತು ಜನ ಬರೆಯುವುದು ಹೀಗೆ: ಮೇಲೆ ಒಂದು ದೊಡ್ಡ ಅಂಡಾಕಾರದ ಬಾಯಿ, ಎರಡು ಪಕ್ಕದ ಗೆರೆ, ಕೆಳಗೆ ಸ್ಕೇಲ್ ಇಟ್ಟಂತೆ ನೆಟ್ಟಗಿನ ತಳ. ಬಾಯಿ ದುಂಡಗಿದೆ ಅಂತ ಗೊತ್ತು, ಅದಕ್ಕೇ ದುಂಡಗೆ ಬಂತು. ಲೋಟ ಅಲ್ಲಾಡದೆ ಮೇಜಿನ ಮೇಲೆ ಕೂರುತ್ತದೆ ಅಂತಲೂ ಗೊತ್ತು, ಅದಕ್ಕೇ ತಳ ಚಪ್ಪಟೆ ಬಂತು. ಎರಡೂ ನಿಜವೇ. ಆದರೆ ಎರಡೂ ಒಂದೇ ಜಾಗದಿಂದ ಕಾಣುವ ನಿಜಗಳಲ್ಲ. ಬಾಯಿಯನ್ನು ಮೇಲಿನಿಂದ ಬಗ್ಗಿ ನೋಡಿದ್ದೀರಿ, ತಳವನ್ನು ನೆಲಕ್ಕೆ ಕಣ್ಣಿಟ್ಟು ನೋಡಿದ್ದೀರಿ.

ಈಗ ನಿಜವಾದ ಲೋಟ ನೋಡಿ. ಕೈಯಲ್ಲಿ ಎತ್ತಿ ಬಾಯಿಯ ಅಂಚು ಸರಿಯಾಗಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಹಿಡಿಯಿರಿ. ದುಂಡಗಿನ ಬಾಯಿ ಮಾಯ, ಬರೀ ಒಂದು ಅಡ್ಡಗೆರೆ. ನಿಧಾನಕ್ಕೆ ಕೆಳಗೆ ಇಳಿಸಿ. ಗೆರೆ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುತ್ತದೆ, ಚಪ್ಪಟೆ ಸುತ್ತಾಗುತ್ತದೆ, ಇನ್ನೂ ಇಳಿಸಿದರೆ ಇನ್ನೂ ತುಂಬಿಕೊಂಡು ದುಂಡಗಾಗುತ್ತದೆ. ಶಾಲೆಯಲ್ಲಿ ದೀರ್ಘವೃತ್ತ ಅಂತ ಹೇಳಿಕೊಟ್ಟದ್ದು ಇದನ್ನೇ. ಕಣ್ಣಿನ ಮಟ್ಟದಿಂದ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ತೆರೆದುಕೊಳ್ಳುತ್ತದೆ. ಹಾಗಾದರೆ ಮೇಜಿನ ಮೇಲಿರುವ ಲೋಟದಲ್ಲಿ ಕಣ್ಣಿಗಿಂತ ಜಾಸ್ತಿ ಕೆಳಗಿರುವುದು ಯಾವುದು? ತಳ. ಅಂದರೆ ತಳದ ಬಾಗು ಬಾಯಿಯ ಬಾಗಿಗಿಂತ ಜಾಸ್ತಿ ಇರಬೇಕು. ನೀವು ಬರೆದದ್ದು ನೆಟ್ಟಗೆ ಅಲ್ವಾ? ಇನ್ನೊಂದು ಸಲ ಲೋಟದ ತಳವನ್ನೇ ನೋಡಿ. ಬಾಗಿದೆ. ಇಷ್ಟು ಹೊತ್ತೂ ಬಾಗಿಯೇ ಇತ್ತು.

ಅಂಚಿನ ವಿಷಯಕ್ಕೆ ಬಂದರೆ, ಹೊಸಬರು ಈ ಚಪ್ಪಟೆ ಸುತ್ತಿನ ಎರಡು ತುದಿಗಳನ್ನು ಕರ್ಜಿಕಾಯಿ ತುದಿಯ ಹಾಗೆ ಚೂಪು ಮಾಡಿಬಿಡುತ್ತಾರೆ. ಮೇಲಿನ ಬಾಗು ಬೇರೆ, ಕೆಳಗಿನ ಬಾಗು ಬೇರೆ ಎಳೆದು ಸೇರಿಸುವುದರಿಂದ ಹಾಗಾಗುತ್ತದೆ. ತುದಿಯಲ್ಲಿ ಮೂಲೆ ಇರುವುದಿಲ್ಲ. ಗೆರೆ ಬೇಗ ತಿರುಗುತ್ತದೆ ಅಷ್ಟೇ, ಮುರಿಯುವುದಿಲ್ಲ. ಪೆನ್ಸಿಲ್ ಕಾಗದಕ್ಕೆ ತಾಗಿಸದೆ ಗಾಳಿಯಲ್ಲೇ ಎರಡು ಮೂರು ಸುತ್ತು ಸುತ್ತಿಸಿ, ಅದೇ ಓಟದಲ್ಲಿ ಕಾಗದಕ್ಕೆ ಇಳಿಸಿ. ಬೆರಳಿನಿಂದಲ್ಲ, ಭುಜದಿಂದ ಸುತ್ತಿಸಿ. ಎರಡು ಮೂರು ಗೆರೆ ಒಂದರ ಮೇಲೊಂದು ಬಂದರೆ ಬರಲಿ. ನಮ್ಮ ಸ್ಟೀಲ್ ಲೋಟಕ್ಕೆ ಬಾಯಿಯ ಅಂಚನ್ನು ಹೊರಕ್ಕೆ ಮಡಿಸಿರುತ್ತಾರೆ ಬೇರೆ, ಹಾಗಾಗಿ ಅಲ್ಲಿ ಒಂದಲ್ಲ, ಒಂದರೊಳಗೊಂದು ಎರಡು ಸುತ್ತು. ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ಒಂದು ತೆಳು ಗೆರೆ ಹಾಕಿಕೊಂಡರೆ ಎಡ ಬಲ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಹೊಳಪನ್ನು ಏನು ಮಾಡುವುದು? ಇಲ್ಲೂ ಗೊತ್ತಿರುವುದೇ ಅಡ್ಡ ಬರುತ್ತದೆ. "ಸ್ಟೀಲ್ ಅಂದರೆ ಬೂದು ಬಣ್ಣ" ಅಂತ ಗೊತ್ತಿರುವುದರಿಂದ ಇಡೀ ಲೋಟಕ್ಕೆ ಬೂದು ತಿಕ್ಕುತ್ತೇವೆ, ಅದು ಸಿಮೆಂಟಿನ ಲೋಟವಾಗುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿ. ವಿವರಗಳು ಮಸುಕಾಗಿ, ಬೆಳಕು ಕತ್ತಲೆಯ ಪಟ್ಟಿಗಳು ಮಾತ್ರ ಉಳಿಯುತ್ತವೆ. ಸ್ಟೀಲಿನಲ್ಲಿ ಅಚ್ಚ ಕಪ್ಪಿನ ಪಟ್ಟಿಯ ಪಕ್ಕದಲ್ಲೇ ಅಚ್ಚ ಬಿಳಿ ಪಟ್ಟಿ ಇರುತ್ತದೆ, ನಡುವೆ ಮೆದುವಾದ ಇಳಿತ ಇರುವುದಿಲ್ಲ. ಆ ಕಪ್ಪು ನಿಮ್ಮ ಕಿಟಕಿಯ ಸರಳಿನದೋ, ನಿಮ್ಮ ಅಂಗಿಯದೋ ಬಿಂಬ. ಬಿಳಿಗೆ ಕಾಗದವನ್ನೇ ಬಿಡಿ, ಕಪ್ಪನ್ನು ಧೈರ್ಯವಾಗಿ ಒತ್ತಿ ಹಾಕಿ. ಬೂದು ಬಣ್ಣ ಹೆಚ್ಚೇನೂ ಬೇಕಾಗುವುದಿಲ್ಲ. ಮಣ್ಣಿನ ಕುಡಿಕೆಯಾದರೆ ಉಲ್ಟಾ, ಅಲ್ಲಿ ಬೆಳಕು ನಿಧಾನಕ್ಕೆ ಜಾರಿ ಕತ್ತಲಾಗುತ್ತದೆ. ವಸ್ತು ಯಾವುದರದ್ದು ಅಂತ ಹೇಳುವುದು ಬಣ್ಣಕ್ಕಿಂತ ಜಾಸ್ತಿ ಈ ಬೆಳಕಿನ ಅಂಚುಗಳು.

ಒಂದು ಲೋಟಕ್ಕೇ ಇಷ್ಟು ಪುರಾಣ. ಮೆದುಳಿನ ತಿದ್ದುಪಡಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಲು ಚಿತ್ರಕಾರರು ಮೊದಲಿನಿಂದಲೂ ಒಂದಷ್ಟು ಉಪಾಯ ಇಟ್ಟುಕೊಂಡಿದ್ದಾರೆ.

ಒಂದು, ಎಲ್ಲರೂ ಸಿನಿಮಾದಲ್ಲಿ ನೋಡಿರುವ ಹಾಗೆ ಪೆನ್ಸಿಲ್ ಹಿಡಿದು ಅಳೆಯುವುದು. ಅದು ಸ್ಟೈಲಿಗೆ ಮಾಡುವುದಲ್ಲ. ಮೊಣಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಲೋಟದ ಬಾಯಿಯ ಎಡ ಅಂಚಿಗೆ ಹೊಂದಿಸಿ, ಬಲ ಅಂಚು ಎಲ್ಲಿ ಬರುತ್ತದೋ ಅಲ್ಲಿ ಹೆಬ್ಬೆರಳಿಡಿ. ಅದೇ ಅಳತೆಯನ್ನು ತಿರುಗಿಸಿ ಎತ್ತರಕ್ಕೆ ಇಟ್ಟು ನೋಡಿ: ಅಗಲದ ಒಂದೂಕಾಲು ಪಟ್ಟು ಎತ್ತರವೋ, ಒಂದೂವರೆ ಪಟ್ಟೋ? ನಿಮಗೆ ಬೇಕಾದದ್ದು ಸೆಂಟಿಮೀಟರ್ ಅಲ್ಲ, ಈ ಪ್ರಮಾಣ. ಮೊಣಕೈ ಚಾಚಿರಲೇಬೇಕು, ಯಾಕೆಂದರೆ ಒಂದು ಸಲ ಬಗ್ಗಿಸಿ ಇನ್ನೊಂದು ಸಲ ಚಾಚಿದರೆ ಕಣ್ಣಿಗೂ ಪೆನ್ಸಿಲಿಗೂ ಇರುವ ದೂರ ಬದಲಾಗಿ ಅಳತೆಯೆಲ್ಲ ಹಾಳಾಗುತ್ತದೆ. ಓರೆಯಾದ ಗೆರೆಗಳಿಗೂ ಇದೇ ಪೆನ್ಸಿಲ್ ಸಾಕು. ಅದನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ ಸೂರಿನ ಇಳಿಜಾರಿಗೆ ಹೊಂದಿಸಿ, ಅದೇ ಕೋನವನ್ನು ಕಾಗದದ ಮೇಲೆ ತಂದಿಡಿ.

ಇನ್ನೊಂದು, ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗ ಬರೆಯುವುದು. ಪ್ಲಾಸ್ಟಿಕ್ ಕುರ್ಚಿಯ ಕಾಲು ಹೇಗಿರುತ್ತದೆ ಅಂತ ಮೆದುಳಿಗೆ ಬಾಯಿಪಾಠ. ಕಾಲುಗಳ ನಡುವಿನ ಖಾಲಿ ಜಾಗದ ಆಕಾರ ಮಾತ್ರ ಅದಕ್ಕೆ ಗೊತ್ತಿಲ್ಲ, ಆ ಜಾಗಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ನೋಡಿಯೇ ಬರೆಯಬೇಕು, ಬೇರೆ ದಾರಿಯಿಲ್ಲ. ಎಲೆ ಉದುರಿದ ಮರದ ಕೊಂಬೆಗಳಿಗೆ ಇದು ಹೇಳಿ ಮಾಡಿಸಿದ ಉಪಾಯ.

ಫೋಟೋವನ್ನು ತಲೆಕೆಳಗೆ ಇಟ್ಟುಕೊಂಡು ನೋಡಿ ಬರೆಯುವುದೂ ಇದೇ ತತ್ವ. ಬೆಟ್ಟಿ ಎಡ್ವರ್ಡ್ಸ್ ಅನ್ನುವ ಅಮೆರಿಕದ ಕಲಾ ಶಿಕ್ಷಕಿ 1979ರಲ್ಲಿ ಬರೆದ ಪುಸ್ತಕದಿಂದ ಇದು ಮನೆಮಾತಾಯಿತು. ಮುಖ ತಲೆಕೆಳಗಾದರೆ ಮೂಗು ಮೂಗಾಗಿ ಕಾಣದೆ ಬರೀ ಗೆರೆಗಳಾಗಿ ಕಾಣುತ್ತದೆ, ಆಗ ಗೆರೆ ಹೇಗಿದೆಯೋ ಹಾಗೇ ಬರೆಯುತ್ತೇವೆ. ಎಡ್ವರ್ಡ್ಸ್ ಇದನ್ನು ಎಡ ಮೆದುಳು, ಬಲ ಮೆದುಳು ಅಂತ ಭಾಗ ಮಾಡಿ ವಿವರಿಸಿದರು. ಮೆದುಳು ಅಷ್ಟು ಸರಳವಾಗಿ ಎರಡು ಹೋಳಾಗಿ ಕೆಲಸ ಹಂಚಿಕೊಳ್ಳುವುದಿಲ್ಲ ಅಂತ ಈಗ ಗೊತ್ತಾಗಿದೆ. ಆ ವಿವರಣೆ ಬಿದ್ದುಹೋದರೂ ಉಪಾಯ ಬೀಳಲಿಲ್ಲ, ಅದು ಈಗಲೂ ಕೆಲಸ ಮಾಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಗದ ನೋಡದೆ ಬರೆಯುವುದು. ಕಿಮೋನ್ ನಿಕೊಲಾಯ್ಡಿಸ್ ಅನ್ನುವ ಮೇಷ್ಟ್ರು ಇದನ್ನು ಕಲಿಸುತ್ತಿದ್ದರು, ಅವರು ತೀರಿಕೊಂಡ ಮೇಲೆ 1941ರಲ್ಲಿ ಅವರ ಪಾಠಗಳ ಪುಸ್ತಕ ಬಂತು. ನಿಮ್ಮ ಎಡಗೈ ನೋಡಿ. ಕಣ್ಣು ಬೆರಳಿನ ಅಂಚಿನ ಮೇಲೆ ಇರುವೆ ನಡೆದಷ್ಟು ನಿಧಾನವಾಗಿ ಸಾಗಲಿ, ಪೆನ್ಸಿಲ್ ಅದೇ ವೇಗದಲ್ಲಿ ಕಾಗದದ ಮೇಲೆ ಸಾಗಲಿ. ಕಾಗದದ ಕಡೆ ನೋಡಬೇಡಿ. ಮುಗಿದ ಮೇಲೆ ನೋಡಿದರೆ ಹೆಬ್ಬೆರಳು ಎಲ್ಲೋ, ಕಿರುಬೆರಳು ಎಲ್ಲೋ, ನೋಡಿ ನಗು ಬರುತ್ತದೆ. ಆದರೆ ಆ ಸೊಟ್ಟ ಗೆರೆಯಲ್ಲಿ ಗಿಣ್ಣಿನ ಮೇಲಿನ ಚರ್ಮದ ಸುಕ್ಕು ಇರುತ್ತದೆ, ಉಗುರು ಚರ್ಮದೊಳಗೆ ಇಳಿಯುವ ಜಾಗ ಇರುತ್ತದೆ. ನೆನಪಿನಿಂದ ಬರೆದ ಕೈಯಲ್ಲಿ ಅದ್ಯಾವುದೂ ಇರುವುದಿಲ್ಲ, ಐದು ಬಾಳೆಹಣ್ಣು ಇರುತ್ತವೆ.

ಎಷ್ಟು ಸಲ ತಲೆ ಎತ್ತಿ ನೋಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಡೇಲ್ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಿನ ವಸ್ತುವಿಗೂ ಕಾಗದಕ್ಕೂ ನಡುವೆ ಹೆಚ್ಚು ಸಲ ಕಣ್ಣು ಓಡಾಡಿಸುವವರ ಚಿತ್ರ ಹೆಚ್ಚು ನಿಖರವಾಗಿರುತ್ತದೆ ಅಂತ ಕಂಡುಬಂತು. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ನೋಡಿದ್ದನ್ನು ಕ್ಷಣ ಹೊತ್ತು ನೆನಪಿನಲ್ಲಿ ಇಟ್ಟುಕೊಂಡರೂ ಸಾಕು, ಮೆದುಳು ಅದಕ್ಕೆ ತನ್ನ ಒಗ್ಗರಣೆ ಹಾಕಿಬಿಡುತ್ತದೆ. ಬೇಗ ಬೇಗ ನೋಡುತ್ತಿದ್ದರೆ ಅದಕ್ಕೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಹೊಸಬರನ್ನು ಗಮನಿಸಿ: ಒಂದು ಸಲ ಎದುರಿನದನ್ನು ನೋಡಿ, ಆಮೇಲೆ ಐದು ನಿಮಿಷ ತಲೆ ತಗ್ಗಿಸಿ ಕಾಗದದ ಜೊತೆ ಗುದ್ದಾಡುತ್ತಾರೆ.

ಇದೆಲ್ಲ ಸರಿ, ಆದರೆ ದಿನಾ ಯಾಕೆ? ಭಾನುವಾರ ಮೂರು ಗಂಟೆ ಕೂತು ಬರೆದರೆ ಆಗಲ್ವಾ? ಆಗುತ್ತದೆ, ತಪ್ಪೇನಿಲ್ಲ. ಆದರೆ ಭಾನುವಾರದ ಚಿತ್ರಕ್ಕೆ ಒಂದು ಭಾರ ಬಂದುಬಿಡುತ್ತದೆ. ಮೂರು ಗಂಟೆ ಹಾಕಿದ ಮೇಲೆ ಚೆನ್ನಾಗಿ ಬರಲೇಬೇಕು ಅನಿಸುತ್ತದೆ, ಬರದಿದ್ದರೆ ಬೇಜಾರು, ಬೇಜಾರಾದರೆ ಮುಂದಿನ ಭಾನುವಾರ ಬಟ್ಟೆ ಒಗೆಯುವ ಕೆಲಸ ನೆನಪಾಗುತ್ತದೆ. ಹತ್ತು ನಿಮಿಷದ ಸ್ಕೆಚ್ಚಿಗೆ ಆ ಭಾರ ಇಲ್ಲ. ಕೆಟ್ಟರೆ ಹತ್ತು ನಿಮಿಷ ಕೆಟ್ಟಿತು.

ಈ ವಿಷಯದಲ್ಲಿ ನಾವು ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳಬೇಕಿಲ್ಲ, ನಮ್ಮ ಮನೆ ಬಾಗಿಲಲ್ಲೇ ಇದೆ. ರಂಗೋಲಿ ಹಾಕುವವರು ದಿನಾ ಬೆಳಗ್ಗೆ ನೀರು ಹಾಕಿ, ಗುಡಿಸಿ, ಚುಕ್ಕಿ ಇಟ್ಟು, ಎಳೆ ಎಳೆಯುತ್ತಾರೆ. ಬಿಟ್ಟೂ ಬಿಡದೆ ಒಂದೇ ಎಳೆಯಲ್ಲಿ ಚುಕ್ಕಿ ಸುತ್ತಿ ಬರುವಾಗ ಕೈ ಮಣಿಕಟ್ಟಿನಿಂದ ಅಲ್ಲ, ಭುಜದಿಂದ ಓಡುತ್ತದೆ. ಎಳೆ ತಪ್ಪಿದರೆ ಬೆರಳಲ್ಲಿ ಒರೆಸಿ ಮುಂದೆ ಹೋಗುತ್ತಾರೆ. ಹತ್ತು ಗಂಟೆಗೆ ಸ್ಕೂಟರ್ ಅದರ ಮೇಲೆ ಹತ್ತಿ ಹೋಗುತ್ತದೆ, ಯಾರೂ ಅಳುವುದಿಲ್ಲ. ನಾಳೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳ ತುಂಬ "11 ಚುಕ್ಕಿ, 11 ಸಾಲು", "15ರಿಂದ 8, ಮಧ್ಯ ಚುಕ್ಕಿ" ಅಂತ ಬರೆದ ನಮೂನೆಗಳು ಇರುತ್ತವೆ, ಮಕ್ಕಳ ಹೋಂವರ್ಕ್ ಒಂದು ಕಡೆಯಿಂದ, ಅಮ್ಮನ ರಂಗೋಲಿ ಇನ್ನೊಂದು ಕಡೆಯಿಂದ. ನೋಡಿ ಬರೆಯುವ ಸ್ಕೆಚ್ಚಿಗೂ ಇದಕ್ಕೂ ವ್ಯತ್ಯಾಸ ಇದೆ ನಿಜ, ಇದು ನಮೂನೆ, ಅದು ಎದುರಿಗಿರುವ ವಸ್ತು. ಆದರೆ "ಕಲಾವಿದೆ" ಅಂತ ಯಾರಿಂದಲೂ ಅನಿಸಿಕೊಳ್ಳದೆ ದಿನಾ ಗೆರೆ ಎಳೆಯುವವರು ಇಷ್ಟು ಜನ ಇದ್ದಾರೆ.

ಚಿತ್ರ ಬರೆದರೆ ನೆನಪು ಉಳಿಯುತ್ತದೆ ಅನ್ನುವ ವಿಷಯಕ್ಕೆ ಒಳ್ಳೆಯ ಸಂಶೋಧನೆ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಸರಳ ಪದಗಳನ್ನು ಕೊಟ್ಟು, ಕೆಲವನ್ನು ಮತ್ತೆ ಮತ್ತೆ ಬರೆಯಲು, ಕೆಲವನ್ನು ಚಿತ್ರವಾಗಿ ಬಿಡಿಸಲು ಹೇಳಿದರು. ಆಮೇಲೆ ಕೇಳಿದಾಗ ಚಿತ್ರ ಬಿಡಿಸಿದ ಪದಗಳೇ ಜಾಸ್ತಿ ನೆನಪಿದ್ದವು. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಅನ್ನುವುದು ಮುಖ್ಯವಾಗಲಿಲ್ಲ, ನಾಲ್ಕು ಸೆಕೆಂಡಿನ ಗೀಚು ಕೂಡ ಕೆಲಸ ಮಾಡಿತು. ಮೀಟಿಂಗಿನಲ್ಲಿ ನೋಟ್‌ಬುಕ್ಕಿನ ಅಂಚಿಗೆ ಗೀಚುವವರಿಗೂ ಒಂದು ಸಮಾಧಾನ ಇದೆ: ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ 40 ಜನರಿಗೆ ಬೋರು ಹೊಡೆಸುವ ಫೋನ್ ಸಂದೇಶ ಕೇಳಿಸಿದರು. ಕೇಳುತ್ತಾ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ತಿಕ್ಕುತ್ತಿದ್ದವರಿಗೆ ಸುಮ್ನೆ ಕೇಳಿದವರಿಗಿಂತ ಶೇ. 29ರಷ್ಟು ಜಾಸ್ತಿ ನೆನಪಿತ್ತು. ಸಣ್ಣ ಪ್ರಯೋಗ, ಬಾಸ್ ಮುಂದೆ ಪುರಾವೆಯಾಗಿ ಇಡುವಷ್ಟು ದೊಡ್ಡದಲ್ಲ.

ಒತ್ತಡ ಕಡಿಮೆಯಾಗುತ್ತದೆ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ 2016ರ ಒಂದು ಅಧ್ಯಯನದಲ್ಲಿ 39 ಜನ 45 ನಿಮಿಷ ಮಣ್ಣು, ಮಾರ್ಕರ್, ಕಾಗದ ಹಿಡಿದು ಏನೇನೋ ಮಾಡಿದ ಮೇಲೆ ನಾಲ್ಕರಲ್ಲಿ ಮೂರು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಇಳಿದಿತ್ತು. ಸುಮ್ಮನೆ ಕೂತಿದ್ದರೂ ಇಳಿಯುತ್ತಿತ್ತೋ ಏನೋ, ಹೋಲಿಸಲು ಇನ್ನೊಂದು ಗುಂಪು ಅಲ್ಲಿ ಇರಲಿಲ್ಲ. ಹಾಗಾಗಿ ಇದನ್ನು ಔಷಧಿಯಂತೆ ಮಾರುವವರನ್ನು ನಾನು ನಂಬುವುದಿಲ್ಲ. ಮೊದಲ ದಿನಗಳಲ್ಲಿ ನೆಮ್ಮದಿಗಿಂತ ಸಿಟ್ಟೇ ಜಾಸ್ತಿ ಬರುತ್ತದೆ, ರಬ್ಬರ್ ಎಸೆಯಬೇಕು ಅನಿಸುತ್ತದೆ. ಆಮೇಲೆ ಯಾವಾಗಲೋ, ಗೆರೆಯ ಹಿಂದೆ ಹೋಗುತ್ತಾ ಹೋಗುತ್ತಾ ಫೋನ್ ನೋಡುವುದೇ ಮರೆತುಹೋಗಿರುತ್ತದೆ.

ಜನರನ್ನು ಬರೆಯುವುದು ಬೇರೆಯದೇ ಆಟ, ಯಾಕೆಂದರೆ ಅವರು ಲೋಟದಂತೆ ಕೂತಿರುವುದಿಲ್ಲ. ಇಲ್ಲಿ ಅಂಚು ಹಿಡಿಯಲು ಹೋದರೆ ಕೆಟ್ಟಿರಿ. ಮೊದಲು ತಲೆಯಿಂದ ಭಾರ ಹೊತ್ತ ಕಾಲಿನವರೆಗೆ ಒಂದೇ ಗೆರೆ. ಬಸ್ ಸ್ಟಾಪಿನಲ್ಲಿ ನಿಂತವರನ್ನು ನೋಡಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತವರು ಅಪರೂಪ. ಭಾರ ಬಿದ್ದ ಕಾಲಿನ ಕಡೆ ಸೊಂಟ ಮೇಲೆ ಹೋಗುತ್ತದೆ, ಅದನ್ನು ಸರಿದೂಗಿಸಲು ಅದೇ ಕಡೆಯ ಭುಜ ಕೆಳಗೆ ಬರುತ್ತದೆ. ಈ ಎರಡು ಓರೆಗೆರೆ ಸಿಕ್ಕರೆ ಮನುಷ್ಯ ಸಿಕ್ಕಿದ. ದರ್ಶಿನಿ ಹೋಟೆಲು ಇದಕ್ಕೆ ಒಳ್ಳೆಯ ಜಾಗ. ದೋಸೆ ಹುಯ್ಯುವವರು ಹಿಟ್ಟು ಸುರಿದು, ಸವರಿ, ಎಣ್ಣೆ ಬಿಟ್ಟು, ಮಗುಚಿ, ಮತ್ತೆ ಮೊದಲಿನ ಭಂಗಿಗೇ ಬರುತ್ತಾರೆ. ಒಂದು ಭಂಗಿ ಆರಿಸಿಕೊಳ್ಳಿ, ಕೈ ಬದಲಾದಾಗ ಪೆನ್ನು ನಿಲ್ಲಿಸಿ, ಅದೇ ಭಂಗಿ ಮರಳಿದಾಗ ಮುಂದುವರಿಸಿ. ಟೈಲರ್, ಹೂ ಕಟ್ಟುವವರು, ಇಸ್ತ್ರಿ ಗಾಡಿಯವರು ಎಲ್ಲರೂ ಹೀಗೇ ಸಿಗುತ್ತಾರೆ. ಮುಖ ಬರೆಯುವಾಗ ಒಂದೇ ಎಚ್ಚರ: ಕಣ್ಣುಗಳು ತಲೆಯ ಸರಿಯಾಗಿ ಅರ್ಧದಲ್ಲಿ ಇರುತ್ತವೆ. ಹಣೆಯಲ್ಲಿ ನೋಡುವಂಥದ್ದು ಏನೂ ಇಲ್ಲದ್ದರಿಂದ ನಾವು ಅದನ್ನು ಕುಗ್ಗಿಸಿ ಕಣ್ಣನ್ನು ಮೇಲಕ್ಕೆ ತಳ್ಳುತ್ತೇವೆ. ಅಂಗೈಯ ಬುಡ ಗಲ್ಲಕ್ಕೆ ತಾಗಿಸಿ ಮುಖದ ಮೇಲೆ ಕೈ ಇಟ್ಟು ನೋಡಿ, ಬೆರಳು ಹಣೆಯ ನಡುವಿನವರೆಗೆ ಬರುತ್ತದೆ. ಕೈಯನ್ನು ಚಿಕ್ಕದಾಗಿ ಬರೆಯುವ ಚಾಳಿಯೂ ಅಲ್ಲಿಗೇ ಬಿಡುತ್ತದೆ.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಲ್ಲಿ ಮನೆಯ ನೆಲ, ಗೋಡೆ, ಬಾಗಿಲ ಮೇಲೆಲ್ಲ ಬರೆಯುತ್ತಿದ್ದವರು, ಕಾಗೆಗಳ ಹುಚ್ಚು ಹಿಡಿಸಿಕೊಂಡವರು. ವ್ಯಂಗ್ಯಚಿತ್ರದಿಂದ ದೇಶವಿಡೀ ಹೆಸರಾದ ಮೇಲೂ ಕಾಗೆ ಬರೆಯುವುದನ್ನು ಬಿಡಲಿಲ್ಲ. ಮುಂಬೈಯ ಜೆ.ಜೆ. ಕಲಾಶಾಲೆ ಅವರ ಅರ್ಜಿಯನ್ನು ತಿರಸ್ಕರಿಸಿತ್ತು, ಅದು ಬೇರೆ ಕತೆ. ಕಾಗೆಯನ್ನು ಗಮನಿಸಿ: ತಲೆ ಓರೆ ಮಾಡುವುದು, ಒಂದು ಹೆಜ್ಜೆ ಪಕ್ಕಕ್ಕೆ ಹಾರುವುದು, ಕಪ್ಪಿನಲ್ಲೇ ಕತ್ತಿನ ಬೂದು. ದಿನಾ ಸಿಗುವ, ದುಡ್ಡು ಕೇಳದ ಮಾಡೆಲ್. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ನರ್ತಕಿಯ ಮೈ ಕೆಲವೇ ಗೆರೆಗಳಲ್ಲಿ ತಿರುಗುತ್ತದೆ. ಲಯ ಅರ್ಥವಾಗಲಿ ಅಂತ ಅವರು ಕಥಕ್ ಕೂಡ ಕಲಿತಿದ್ದರು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಅಂಚೆ ಕಾರ್ಡಿನ ಮೇಲೆ ಚಿತ್ರ ಬರೆದು ಶಿಷ್ಯರಿಗೂ ಗೆಳೆಯರಿಗೂ ಕಳಿಸುತ್ತಿದ್ದರು. ಕಾರ್ಡಿನ ಅಳತೆ ಚಿಕ್ಕದು, ಕುಂಚದ ನಾಲ್ಕು ಎಳೆತಕ್ಕೆ ತುಂಬಿಹೋಗುತ್ತದೆ, ಬರೆದದ್ದು ಕೈಬಿಟ್ಟು ಹೋಗುತ್ತದೆ. ದಿನದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಹೊಳೆಯುತ್ತಿಲ್ಲ.

ಸಾಮಾನಿನ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೆನ್ಸಿಲ್ ಮೇಲಿನ ಅಕ್ಷರಗಳ ಅರ್ಥ ಇಷ್ಟು: ಒಳಗಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಮಣ್ಣು ಜಾಸ್ತಿಯಾದರೆ ಗಟ್ಟಿ, ಗೆರೆ ತೆಳು, ಅದು 'ಎಚ್'. ಗ್ರಾಫೈಟ್ ಜಾಸ್ತಿಯಾದರೆ ಮೆದು, ಗೆರೆ ಕಪ್ಪು, ಅದು 'ಬಿ'. ಯುದ್ಧದ ಕಾಲದಲ್ಲಿ ಫ್ರಾನ್ಸಿಗೆ ಇಂಗ್ಲೆಂಡಿನ ಗ್ರಾಫೈಟ್ ಬರುವುದು ನಿಂತಾಗ, ಇದ್ದದ್ದನ್ನು ಹಿಗ್ಗಿಸಿ ಬಳಸಲು ಅಲ್ಲಿನ ಸಂಶೋಧಕ ನಿಕೊಲಾ-ಜಾಕ್ ಕೊಂತೆ 1795ರಲ್ಲಿ ಈ ಮಿಶ್ರಣದ ಹಕ್ಕುಪತ್ರ ಪಡೆದರು. ನಿಮಗೆ ಒಂದು 2ಬಿ, ಒಂದು 6ಬಿ ಸಾಕು. ಝೆರಾಕ್ಸ್ ಕಾಗದ 75 ಜಿಎಸ್‌ಎಂ ಆಸುಪಾಸು ಇರುತ್ತದೆ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು), ಪೆನ್ಸಿಲಿಗೆ ನಡೆಯುತ್ತದೆ. ನೀರು ಬಣ್ಣ ತಾಗಿಸಿದರೆ ಸುಕ್ಕುಗಟ್ಟುತ್ತದೆ, ಅದಕ್ಕೆ 300 ಜಿಎಸ್‌ಎಂ ಬೇಕು. ನನ್ನ ಸಲಹೆ ಕೇಳಿದರೆ, ಜೇಬಿಗೆ ಹಿಡಿಸುವ ಪುಸ್ತಕ, ಹತ್ತು ರೂಪಾಯಿ ಬಾಲ್ ಪೆನ್. ಬಾಲ್ ಪೆನ್ನನ್ನು ಮೆಲ್ಲಗೆ ತಾಗಿಸಿದರೆ ಪೆನ್ಸಿಲಿನಷ್ಟೇ ತೆಳು ಗೆರೆ ಬರುತ್ತದೆ, ಒತ್ತಿದರೆ ಕಪ್ಪಾಗುತ್ತದೆ, ಮುಖ್ಯವಾಗಿ ಅಳಿಸಲು ಬರುವುದಿಲ್ಲ. ರಬ್ಬರ್ ಕೈಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಏಳು ನಿಮಿಷ ಅಳಿಸುವುದಕ್ಕೇ ಹೋಗುತ್ತದೆ. ತಪ್ಪು ಗೆರೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸರಿ ಗೆರೆ ಎಳೆಯಿರಿ. ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಅಂತ ಗೊತ್ತಾಗುವುದು ಹಳೇ ಗೆರೆ ಅಲ್ಲೇ ಇದ್ದಾಗ. ಮೂಲೆಯಲ್ಲಿ ತಾರೀಖು, ಜಾಗ ಬರೆದಿಡಿ.

ಬರೆದದ್ದನ್ನು ಕೂಡಲೇ ಇನ್‌ಸ್ಟಾಗ್ರಾಮಿಗೆ ಹಾಕಬೇಕಾ? ಹಾಕುವವರು ಹಾಕಲಿ. ಸ್ಪೇನ್ ಮೂಲದ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ ಸಿಯಾಟಲ್‌ನಲ್ಲಿ ಕೂತು 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಗುಂಪು ಬೆಳೆದದ್ದೇ ಆನ್‌ಲೈನಿನಲ್ಲಿ ಚಿತ್ರ ಹಂಚಿಕೊಂಡು. ಇದ್ದ ಜಾಗದಲ್ಲೇ, ಕಣ್ಣಾರೆ ನೋಡಿ ಬರೆಯಬೇಕು ಅನ್ನುವುದು ಅವರ ನಿಯಮ. ಬೆಂಗಳೂರಿನಲ್ಲೂ ರಜಾದಿನ ಕೂಡಿ ಹೋಗಿ ಬರೆಯುವ ಗುಂಪುಗಳಿವೆ. ಶುರುವಿನಲ್ಲಿ ಮಾತ್ರ ಒಂದಷ್ಟು ದಿನ ಯಾರಿಗೂ ತೋರಿಸದೆ ಇರುವುದು ವಾಸಿ ಅಂತ ನನಗನಿಸುತ್ತದೆ. ಲೈಕ್ ಬರುವ ಚಿತ್ರ ಯಾವುದು ಅಂತ ಗೊತ್ತಾದ ಕೂಡಲೇ ಕೈ ಅದನ್ನೇ ಮತ್ತೆ ಮತ್ತೆ ಬರೆಯತೊಡಗುತ್ತದೆ, ಎರಡು ಬೆಟ್ಟ ಒಂದು ಸೂರ್ಯದ ಹೊಸ ಅವತಾರ ಅಷ್ಟೇ.

ಹೊರಗೆ ಬರೆಯಲು ಕೂತಾಗ ಜನ ಬಂದು ನೋಡುತ್ತಾರೆ. ಇದು ನಮ್ಮ ದೇಶ, ನೋಡಿಯೇ ನೋಡುತ್ತಾರೆ. ಬೆನ್ನಿಗೆ ಗೋಡೆ ಅಥವಾ ಮರ ಸಿಗುವ ಜಾಗ ಹಿಡಿಯಿರಿ, ಹಿಂದೆ ನಿಂತು ಇಣುಕುವುದು ತಪ್ಪುತ್ತದೆ. ಗಾಂಧಿ ಬಜಾರಿನ ಹೂವಿನ ಸಾಲಿನಲ್ಲೋ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಬರೆಯುವುದಾದರೆ ವ್ಯಾಪಾರಕ್ಕೆ ಅಡ್ಡವಾಗದ ಹಾಗೆ ಕೂತು, ಎದುರಿನ ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ಹೇಳದಿದ್ದರೆ ಕಾರ್ಪೊರೇಷನ್ನಿನವರು ಏನೋ ಬರೆದುಕೊಳ್ಳುತ್ತಿದ್ದಾರೆ ಅಂತ ಗಾಬರಿಯಾಗುತ್ತಾರೆ. "ಏನ್ ಸಾರ್, ಎಷ್ಟಕ್ಕೆ ಮಾರ್ತೀರಾ?" ಅಂತ ಒಬ್ಬರು ಕೇಳೇ ಕೇಳುತ್ತಾರೆ. ಮಕ್ಕಳು "ಇದು ನಮ್ಮಪ್ಪನ ತರ ಇಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತವೆ. ಅವುಗಳ ಮಾತಿಗೆ ಬೆಲೆ ಕೊಡಿ, ಎಲ್ಲಿ ತಪ್ಪಾಗಿದೆ ಅಂತ ಕೇಳಿ. "ಮೂಗು ಉದ್ದ ಆಯ್ತು" ಅಂದರೆ ಪೆನ್ಸಿಲ್ ಚಾಚಿ ಅಳೆದು ನೋಡಿ, ಸಾಮಾನ್ಯವಾಗಿ ಮಗು ಹೇಳಿದ್ದೇ ಸರಿ ಇರುತ್ತದೆ.